ಹತ್ತು ಇಂಚಿನ ಬಲೆ

ಬೆಳ್ಳಾರೆಯ ಒಂದು ಸಭಾಭವನದಲ್ಲಿ, ಮುನ್ನೂರು ಜನ ಊಟಕ್ಕೆ ಏಳುವ ಮೊದಲು, ನನ್ನ ಮಾನ ಹೋಯಿತು. ಅದನ್ನು ಕಳೆದದ್ದು ಮನುಷ್ಯರಲ್ಲ. ಎಂಟು ಇಂಚಿನ ಒಂದು ರಬ್ಬರ್ ತುಂಡು.

ಪುತ್ತೂರಿನಲ್ಲಿ ನನ್ನದೊಂದು ಕನ್ನಡಕದ ಅಂಗಡಿ ಇದೆ. ಅದು ಹೊಟ್ಟೆಪಾಡು. ಭಾನುವಾರ ಬಂತೆಂದರೆ ಮಾತ್ರ ನಾನು ಕೃಷ್ಣಮೋಹನನ ಆರ್ಕೆಸ್ಟ್ರಾದ ಡ್ರಮ್ಮರ್ ಸರ್ವೋತ್ತಮ. ಕುಂಬ್ರದಿಂದ ಕಡಬದವರೆಗೆ ಹನ್ನೆರಡು ವರ್ಷಗಳಿಂದ ಮದುಮಕ್ಕಳು ನನ್ನ ತಾಳಕ್ಕೇ ವೇದಿಕೆ ಹತ್ತಿದ್ದಾರೆ (ಆಮೇಲೆ ಅವರ ಸಂಸಾರ ತಾಳ ತಪ್ಪಿದರೆ ನಾನು ಹೊಣೆಯಲ್ಲ). ನನ್ನದು ಎಲೆಕ್ಟ್ರಾನಿಕ್ ಡ್ರಮ್. ಬಟ್ಟೆ ಒಣಗಿಸುವ ಸ್ಟ್ಯಾಂಡಿಗೆ ತಟ್ಟೆಗಳನ್ನು ಸಿಕ್ಕಿಸಿದ ಹಾಗೆ ಕಾಣುತ್ತದೆ. ಆ ತಟ್ಟೆಗಳೇ ಪ್ಯಾಡುಗಳು. ಬಡಿದರೆ ವಯರಿನಲ್ಲಿ ಸುದ್ದಿ ಹೋಗಿ ಪೆಟ್ಟಿಗೆಯಿಂದ ಸದ್ದು ಬರುತ್ತದೆ. ನಡುವಿನ ಪ್ಯಾಡೇ ಮುಖ್ಯ; ಹಾಡನ್ನು ‘ಠಪ್, ಠಪ್’ ಎಂದು ನಡೆಸುವುದು ಅದೇ. ಬೆಳ್ಳಾರೆಯಲ್ಲಿ ಅದು ಎರಡು ಪೆಟ್ಟಿಗೊಮ್ಮೆ ಬಾಯಿ ಮುಚ್ಚಿಕೊಂಡಿತು.

ಕೃಷ್ಣಮೋಹನ ಹಾಡು ನಿಲ್ಲಿಸಿ ಮೈಕಿನಲ್ಲೇ ಕೇಳಿದ: “ಸರ್ವೋತ್ತಮಣ್ಣ, ನಿದ್ದೆ ಬಂತಾ?”

ಇಡೀ ಸಭೆ ನಕ್ಕಿತು. ಮದುಮಗಳೂ ತಲೆ ತಗ್ಗಿಸಿ ನಕ್ಕಳು. ನಗದೆ ಉಳಿದವಳು ಎದುರಿನ ಸಾಲಿನಲ್ಲಿದ್ದ ನನ್ನ ಹೆಂಡತಿ ಸುಂದರಿ ಒಬ್ಬಳೇ. ಅವಳು ನನ್ನ ಎಡಗೈಯನ್ನೇ ನೋಡುತ್ತಿದ್ದಳು.

ಮನೆಗೆ ಮರಳುವಾಗ ನಾನೇ ಮಾತು ತೆಗೆದೆ. “ಪ್ಯಾಡ್ ಹೋಯ್ತು.”

“ಪ್ಯಾಡ್ ಹೋದದ್ದಾ, ಕೈ ಹೋದದ್ದಾ?”

“ನಿನಗೆ ಎಂತ ಗೊತ್ತುಂಟು ಡ್ರಮ್ಮಿನ ವಿಷಯ?”

“ನನಗೆ ಎಂತ ಗೊತ್ತು ಮಾರಾಯ್ರೆ! ಮನೆಯಲ್ಲಿ ನೀವು ಹೆಡ್‌ಫೋನ್ ಹಾಕಿಕೊಂಡು ಬಡಿಯುದು. ಹಾಡು, ಸಂಗೀತ ಎಲ್ಲ ನಿಮ್ಮ ಕಿವಿಗೆ. ನನಗೆ ಕೇಳುದು ಬರೀ ಟಪಟಪ. ಹನ್ನೆರಡು ವರ್ಷ ಬರೀ ಪೆಟ್ಟು ಕೇಳಿದವಳಿಗೆ ಪೆಟ್ಟು ತಪ್ಪಿದ್ದು ಗೊತ್ತಾಗುದಿಲ್ವಾ?”

ಇಂಥ ಅಜ್ಞಾನದ ಜೊತೆ ವಾದಿಸಿ ಪ್ರಯೋಜನವಿಲ್ಲವೆಂದು ಮರುದಿನವೇ ಹೊಸ ಪ್ಯಾಡಿನ ಮಹಾನ್ವೇಷಣೆಗೆ ತೊಡಗಿದೆ. ರಬ್ಬರಿನದೋ ಬಲೆಯದೋ? ಬಲೆಯದೆಂದರೆ ಸೊಳ್ಳೆಪರದೆಯಂಥ ನೇಯ್ಗೆಯನ್ನು ಬಿಗಿಯಾಗಿ ಎಳೆದು ಕಟ್ಟಿದ್ದು. ಮೆಲ್ಲಗೆ ಮುಟ್ಟಿದರೂ ಅದಕ್ಕೆ ತಿಳಿಯುತ್ತದಂತೆ. ಎಂಟು ಇಂಚೋ ಹತ್ತು ಇಂಚೋ? ನನ್ನ ಹಳೆಯ ಪೆಟ್ಟಿಗೆಗೆ ಹೊಂದುತ್ತದೋ ಇಲ್ಲವೋ? ಮೊಬೈಲಿನಲ್ಲಿ ದೇಶವಿದೇಶದ ಗಡ್ಡದವರೆಲ್ಲ ಪ್ಯಾಡ್ ಬಡಿದು ತೋರಿಸಿದರು. ಅಂಗಡಿಗೆ ಬಂದ ಗಿರಾಕಿಗೆ ಓದುವ ಕನ್ನಡಕದ ಬದಲು ದೂರದ್ದನ್ನು ಕೊಟ್ಟು ಬೈಸಿಕೊಂಡದ್ದೂ ಆಯಿತು. ಹೀಗೆ, ಒಂದು ಕಾರ್ಯಕ್ರಮಕ್ಕೂ ಹೋಗದೆ, ಏಳು ವಾರ ಕಳೆದವು.

“ನನ್ನನ್ನು ನೋಡ್ಲಿಕ್ಕೆ ಬಂದವರು ಹತ್ತು ನಿಮಿಷದಲ್ಲಿ ಒಪ್ಪಿ, ಅವಲಕ್ಕಿ ತಿಂದು ಹೋದದ್ದು,” ಎಂದಳು ಸುಂದರಿ. “ಒಂದು ಪ್ಯಾಡಿಗೆ ಏಳು ವಾರವಾ?”

“ಪ್ಯಾಡನ್ನು ವಿಚಾರ ಮಾಡಿಯೇ ತಕ್ಕೊಳ್ಬೇಕು,” ಎಂದುಬಿಟ್ಟೆ.

ಅವಳು ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟಳು. ಆಮೇಲೆ, “ನಾಳೆ ನಾನೂ ಬರುದು. ನೀವೊಬ್ರೇ ಹೋದ್ರೆ ಇದು ಈ ಜನ್ಮಕ್ಕೆ ಮುಗಿಯುದಿಲ್ಲ,” ಎಂದಳು.

ಪುತ್ತೂರಿನಲ್ಲಿ ವಾದ್ಯಗಳ ಅಂಗಡಿ ಇಟ್ಟಿರುವ ಜಾಸಿರ್ ನನಗೆ ಹಳೆಯ ಪರಿಚಯ. ನಮ್ಮ ಆರ್ಕೆಸ್ಟ್ರಾಕ್ಕೆ ಸೌಂಡ್ ಸಿಸ್ಟಮ್ ಕೊಡುವವನೂ ಅವನೇ. ಹತ್ತು ಇಂಚಿನ ಬಲೆಯ ಪ್ಯಾಡನ್ನು ಪೆಟ್ಟಿಗೆಗೆ ಜೋಡಿಸಿ ಕೋಲು ಕೊಟ್ಟ. ನಾನು ಮೈಮರೆತು ಬಾರಿಸಿದೆ. ಜಾಸಿರ್ ಕೆಮ್ಮಿದ.

“ಅಣ್ಣ, ಬಲಗೈ ಕರೆಕ್ಟ್ ಉಂಟು. ಎಡಗೈ ಸ್ವಲ್ಪ... ಹಿಂದಿನ ಬಸ್ಸಿನಲ್ಲಿ ಬಂದ ಹಾಗೆ ಉಂಟು.”

“ಪ್ಯಾಡೇ ಸರಿ ಇಲ್ಲ. ಬೇರೆ ಕೊಡು.”

ಬೇರೆ ಕೊಟ್ಟ. ಅದೂ ಹಾಗೆಯೇ ನುಡಿಯಿತು. ಮೂರನೆಯದೂ ಅಷ್ಟೇ. ಕೊನೆಗೆ ಜಾಸಿರ್ ನಾನು ಚೀಲದಲ್ಲಿ ತಂದಿದ್ದ ಹಳೆಯ ರಬ್ಬರ್ ಪ್ಯಾಡನ್ನೇ ಜೋಡಿಸಿದ. ಅದು ಮತ್ತೆ ಎರಡಕ್ಕೊಮ್ಮೆ ಮೌನವಾಯಿತು. “ನೋಡು!” ಎಂದೆ ವಿಜಯೋತ್ಸಾಹದಿಂದ.

“ಕೊಡಿ ಇಲ್ಲಿ,” ಎಂದು ಸುಂದರಿ ನನ್ನ ಕೈಯಿಂದ ಕೋಲುಗಳನ್ನು ತೆಗೆದುಕೊಂಡಳು.

ಮೊದಲು ನಾಲ್ಕು ಪೆಟ್ಟು ಮೆಲ್ಲಗೆ. ಆಮೇಲೆ ಎರಡೂ ಕೈ ಒಟ್ಟಿಗೆ ಇಳಿದವು. ಸತ್ತಿದ್ದ ನನ್ನ ಪ್ಯಾಡಿನಿಂದ, ಒಂದು ಪೆಟ್ಟೂ ಬಿಡದೆ, ಬಟಾಣಿ ಸುರಿದ ಹಾಗೆ ಸದ್ದು ಹೊರಟಿತು. ರಸ್ತೆಯಲ್ಲಿ ಹೋಗುವವರು ನಿಂತು ನೋಡಿದರು. ಜಾಸಿರ್ ಕುರ್ಚಿಯಿಂದ ಎದ್ದ.

“ಅಕ್ಕ, ಇದು ಎಲ್ಲಿ ಕಲ್ತದ್ದು?”

“ಕುಂಬ್ರದಲ್ಲಿ, ಶಾಲೆಯಲ್ಲಿ. ಬ್ಯಾಂಡ್ ಸೆಟ್ಟಿನಲ್ಲಿ ಮೂರು ವರ್ಷ ಸೈಡ್ ಡ್ರಮ್ ನನ್ನದು. ಆಗಸ್ಟ್ ಹದಿನೈದಕ್ಕೆ ಇಡೀ ಶಾಲೆ ನಡೆದದ್ದು ನನ್ನ ಪೆಟ್ಟಿನ ತಾಳಕ್ಕೆ.”

“ಇಷ್ಟು ವರ್ಷ ನನಗೆ ಯಾಕೆ ಹೇಳಲಿಲ್ಲ?” ಎಂದೆ.

“ಇಪ್ಪತ್ತೊಂದು ವರ್ಷ ಆಯ್ತು ಮದುವೆಯಾಗಿ. ನೀವು ಒಮ್ಮೆಯಾದ್ರೂ ಕೇಳಿದ್ದುಂಟಾ?”

ನಾನು ಜಾಸಿರನ ಕಡೆ ತಿರುಗಿ ಹತ್ತು ಇಂಚಿನ ಬಲೆಯ ಪ್ಯಾಡನ್ನು ಕಟ್ಟಿಸಿಕೊಂಡೆ. ತಪ್ಪು ನನ್ನ ಕೈಯದೇ ಎಂದು ಒಪ್ಪಿ ಬರಿಗೈಯಲ್ಲಿ ಮರಳುವಷ್ಟು ಧೈರ್ಯ ನನಗಿರಲಿಲ್ಲ.

ಮನೆಯಲ್ಲಿ ಹೆಡ್‌ಫೋನ್ ಹಾಕಿ ಕೂತ ಮೇಲೆ ನಿಜ ತಿಳಿಯಿತು. ನನ್ನ ಎಡಗೈ ಸೋತು ವರ್ಷಗಳೇ ಆಗಿದ್ದವು. ಪೆಟ್ಟು ಬಲವಿಲ್ಲದೆ, ತಡವಾಗಿ ಬೀಳುತ್ತಿತ್ತು. ದಪ್ಪ ಚರ್ಮದ ಆ ರಬ್ಬರ್ ಪ್ಯಾಡು ಅಂಥ ಪೆಟ್ಟುಗಳನ್ನೆಲ್ಲ ತನ್ನೊಳಗೇ ನುಂಗಿ ನನ್ನ ಮರ್ಯಾದೆ ಉಳಿಸುತ್ತ ಬಂದಿತ್ತು. ಬೆಳ್ಳಾರೆಯಲ್ಲಿ ನುಂಗಬೇಕಾದದ್ದು ಎರಡಕ್ಕೊಂದಾಯಿತು, ಅಷ್ಟೇ. ಹೊಸದು ಏನನ್ನೂ ನುಂಗುವುದಿಲ್ಲ. ನನ್ನ ಒಂದೊಂದು ದೌರ್ಬಲ್ಯವನ್ನೂ ಸ್ಪಷ್ಟವಾಗಿ, ಸ್ಟೀರಿಯೋದಲ್ಲಿ ಸಾರುತ್ತದೆ. ಏಳು ವಾರ ಹುಡುಕಿ, ನನ್ನ ವಿರುದ್ಧ ಸಾಕ್ಷಿ ಹೇಳುವವನನ್ನು ನಾನೇ ಮನೆಗೆ ಕರೆತಂದಿದ್ದೆ.

ನಾಲ್ಕನೆಯ ದಿನ ಕೃಷ್ಣಮೋಹನನ ಫೋನ್ ಬಂತು. ಸವಣೂರಿನ ರಿಸೆಪ್ಷನ್ನಿನ ಹಾಡುಗಳ ಪಟ್ಟಿ ಹೇಳಲಿಕ್ಕಿರಬೇಕೆಂದು ಪೆನ್ನು ಹಿಡಿದುಕೊಂಡೆ.

“ಸರ್ವೋತ್ತಮಣ್ಣ, ಪ್ಯಾಡ್ ಭಾರಿ ಒಳ್ಳೆದುಂಟಂತೆ. ಜಾಸಿರ್ ಹೇಳಿದ.”

“ಹೌದು, ಹತ್ತು ಇಂಚಿನದ್ದು...”

“ಅತ್ತಿಗೆಗೆ ಒಮ್ಮೆ ಫೋನ್ ಕೊಡಿ.”

ಕೊಟ್ಟೆ. ಸುಂದರಿ “ಹ್ಞಾ” ಎಂದಳು, “ಅಯ್ಯೋ” ಎಂದಳು, ಮತ್ತೆ “ನೋಡ್ತೇನೆ” ಎಂದಳು. ಫೋನ್ ಇಟ್ಟು ನನ್ನನ್ನು ನೋಡಿದಳು. ಆ ಮುಖ ನಾನು ಕಂಡದ್ದಲ್ಲ. ಶಾಲೆಯ ಮೈದಾನದಲ್ಲಿ ಯಾರೋ ಕಂಡಿರಬೇಕು.

“ಸವಣೂರಿಗೆ ಬರ್ತೀರಾ ಅಂತ ಕೇಳ್ತಾರೆ. ಹೋಗ್ಲಾ?”

ದೊಡ್ಡ ಮನಸ್ಸಿನ ಗಂಡನಾಗಲು ಅದು ಒಳ್ಳೆಯ ಸಮಯವಾಗಿತ್ತು. ನಾನು ಹೇಳಿದ್ದು ಇದು: “ನಿನಗೆ ಕಷ್ಟ ಆಗ್ಬಹುದು. ಮೂರು ಗಂಟೆ ಒಂದೇ ಕಡೆ ಕೂತ್ಕೊಳ್ಬೇಕು.”

“ಇಪ್ಪತ್ತೊಂದು ವರ್ಷದಿಂದ ಅಡುಗೆಮನೆಯಲ್ಲಿ ನಿಂತ್ಕೊಂಡೇ ಉಂಟಲ್ಲ ನಾನು. ಕೂತ್ಕೊಳ್ಳುದು ಕಷ್ಟ ಆಗ್ಲಿಕ್ಕಿಲ್ಲ.”

ಭಾನುವಾರ ಸವಣೂರಿನಲ್ಲಿ ಸ್ಟ್ಯಾಂಡ್ ಬಿಗಿದದ್ದು ನಾನು, ವಯರ್ ಸಿಕ್ಕಿಸಿದ್ದು ನಾನು, ಸ್ಟೂಲಿನ ಎತ್ತರ ಇಳಿಸಿದ್ದೂ ನಾನು. ಸೆರಗು ಸೊಂಟಕ್ಕೆ ಸಿಕ್ಕಿಸಿ ಸುಂದರಿ ಕೂತಳು. ಕೃಷ್ಣಮೋಹನ ಹಾಡು ಎತ್ತಿದ. ವೇದಿಕೆಯ ಬದಿಯಲ್ಲಿ, ಸ್ಪೀಕರಿನ ಹಿಂದೆ ನಿಂತು ನಾನು ಅವಳ ಎಡಗೈಯನ್ನೇ ನೋಡಿದೆ. ಒಂದೇ ಒಂದು ಪೆಟ್ಟು ತಪ್ಪಲಿ ಎಂದು ಕಾದೆ. (ಹೌದು, ಕಾದೆ. ನಿಮ್ಮಲ್ಲಿ ಸುಳ್ಳು ಹೇಳಿ ನನಗೇನು ಸಿಗಬೇಕು?) ಮೂರು ಗಂಟೆ ಕಾದೆ. ತಪ್ಪಲಿಲ್ಲ. ಮದುಮಗಳ ಅಜ್ಜಿಯೊಬ್ಬರು ಕುರ್ಚಿಯಲ್ಲಿ ಕೂತಲ್ಲೇ ಕಾಲು ಕುಣಿಸಿದರು. ನನ್ನ ಹನ್ನೆರಡು ವರ್ಷದಲ್ಲಿ ಯಾವ ಅಜ್ಜಿಯೂ ಕುಣಿಸಿರಲಿಲ್ಲ.

ಎಲ್ಲ ಮುಗಿದು ನಾನು ಪ್ಯಾಡನ್ನು ಕಳಚಿ ಚೀಲಕ್ಕೆ ತುಂಬುತ್ತಿದ್ದಾಗ ಮದುಮಗನ ದೊಡ್ಡಪ್ಪ ಬಂದು ನನ್ನ ಕೈ ಹಿಡಿದು ಕುಲುಕಿದರು. “ಡ್ರಮ್ ಭಾರಿ ಲಾಯ್ಕ ಆಯ್ತು ಮಾರಾಯ್ರೆ!”

ನಾನೂ ಅವರ ಕೈ ಕುಲುಕಿದೆ. ನಿಜವೆಂದರೆ, ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚೇ ಕುಲುಕಿದೆ.

“ಆ ಅಕ್ಕ ನಿಮ್ಮ ಮಿಸೆಸ್ಸಾ?”

“ಹೌದು.”

“ನೀವೂ ಉಂಟಾ ಆರ್ಕೆಸ್ಟ್ರಾದಲ್ಲಿ? ನಿಮ್ಮದು ಎಂತ?”

ಚೀಲ ತೋರಿಸಿ ಹೇಳಿದೆ: “ಈ ಪ್ಯಾಡ್ ಆರಿಸಿದ್ದು ನಾನು.”

ಅವರು ಚೀಲವನ್ನು ನೋಡಿದರು, ನನ್ನನ್ನು ನೋಡಿದರು, ಮೆಲ್ಲಗೆ ನನ್ನ ಕೈ ಬಿಟ್ಟರು.

“ಹೌದಾ? ಊಟ ಮಾಡಿಯೇ ಹೋಗ್ಬೇಕು ಆಯ್ತಾ. ಕೆಲಸದವರಿಗೆಲ್ಲ ಹಿಂದಿನ ಬದಿಯಲ್ಲಿ ಬಡಿಸ್ತಾ ಇದ್ದಾರೆ.”