ಒಂದು ಹೆಂಚಿನಷ್ಟು ದಾರಿ

ದೊಡ್ಡವ್ವನ ಜೀವ ಹೋಗುತ್ತಲೂ ಇರಲಿಲ್ಲ, ನಿಲ್ಲುತ್ತಲೂ ಇರಲಿಲ್ಲ. ಮರಿಯಪ್ಪನ ಸಂಕಟವೆಲ್ಲ ಅದೇ.

ಹೆತ್ತವಳು ತೀರಿಕೊಂಡ ಮೇಲೆ ಅವನನ್ನು ಎತ್ತಿ ಸಾಕಿದ ದೊಡ್ಡವ್ವ ಮುನಿತಾಯಮ್ಮ ವಾರದಿಂದ ಹಿಂದಿನ ಕೋಣೆಯಲ್ಲಿ ಕಣ್ಣು ಮುಚ್ಚಿ ಮಲಗಿದ್ದಳು. ಗಂಟಲಲ್ಲಿ ಗೊರಗೊರ ಸದ್ದು ಬಿಟ್ಟರೆ ಮಾತಿಲ್ಲ, ಕತೆಯಿಲ್ಲ. ಮರಿಯಪ್ಪ ಗಿರಣಿಗೆ ರಜೆ ಹಾಕಿ ಪಕ್ಕದಲ್ಲೇ ಕೂತಿದ್ದ. ನಾಳೆ ಬೆಳಗಿನ ಪಾಳಿಗೆ ಗೇಟಿನೊಳಗೆ ಇರದಿದ್ದರೆ ಅವನ ಮಗ್ಗಕ್ಕೆ ಬೇರೆಯವನು ಬರುತ್ತಾನೆಂದು ಮೇಸ್ತ್ರಿ ಹೇಳಿಕಳಿಸಿದ್ದ. ಇವತ್ತೇ ಆಗಿಹೋದರೆ ಸಂಜೆಗೆ ಮಣ್ಣು ಮಾಡಿ ನಾಳೆ ಹೋಗಬಹುದು ಎಂದು ಮರಿಯಪ್ಪನ ಮನಸ್ಸು ಲೆಕ್ಕ ಹಾಕಿತು. ಮರುಗಳಿಗೆಯೇ ತನ್ನ ಮೇಲೆ ತನಗೇ ಅಸಹ್ಯವಾಗಿ, ದೊಡ್ಡವ್ವನ ಕಾಲೊತ್ತತೊಡಗಿದ.

ಎದುರುಮನೆಯ ಶಿವಗಂಗಮ್ಮ ಬಂದು ಮುದುಕಿಯ ಮೂಗಿನ ಬಳಿ ಕೈಯಿಟ್ಟು ನೋಡಿದರು. ಹೊಸಹಳ್ಳಿಯ ಆ ಬೀದಿಯಲ್ಲಿ ಅವರನ್ನು ಕೇಳದೆ ಯಾರೂ ಹುಟ್ಟಿರಲಿಲ್ಲ, ಸಾಯಲಂತೂ ಯಾರಿಗೂ ಧೈರ್ಯವಿರಲಿಲ್ಲ.

"ಜೀವಕ್ಕೆ ದಾರಿ ಸಿಕ್ತಾ ಇಲ್ಲ ಕಣೋ ಮರಿಯಪ್ಪ. ತಲೆ ಮೇಲಿಂದ ಒಂದು ಹೆಂಚು ತೆಗಿ. ನಮ್ಮತ್ತೆಗೆ ಹಂಗೇ ಮಾಡಿದ್ವಿ. ಹೆಂಚು ಕೆಳಗೆ ಇಳಿಯೋದ್ರೊಳಗೆ ಅವರು ಹೊರಟೇಬಿಟ್ರು."

"ಬೇಡಿ ಅಮ್ಮ, ಅದು ನಾನೇ ಕೈಯಾರೆ ಕಳಿಸಿದಂಗಾಗುತ್ತೆ."

"ಅವಳು ಹಿಂಗೆ ಒದ್ದಾಡೋದು ನಿಂಗೆ ಚೆನ್ನಾಗಿದೆಯೇನೋ?"

ಮರಿಯಪ್ಪ ತಲೆಯೆತ್ತಿ ಹೆಂಚಿನ ಸಾಲು ನೋಡಿದ. ಅಷ್ಟರಲ್ಲಿ ಪಕ್ಕದ ಮನೆಯ ಲಕ್ಷ್ಮೀಪತಿ ಉತ್ಸಾಹದಿಂದ ಏಣಿ ಹೊತ್ತು ತಂದ. ದೀಪದ ಕಂಬ ಹತ್ತುವ ಕೆಲಸ ಅವನದು. ಒಂದರೊಳಗಿಂದ ಇನ್ನೊಂದನ್ನು ಎಳೆದರೆ ಎರಡಾಳುದ್ದ ಬೆಳೆಯುವ ಏಣಿ ಅದು. "ಇಂಥ ಹೊತ್ತಲ್ಲಿ ಆಗದಿದ್ರೆ ಇನ್ಯಾವಾಗ ಅಣ್ಣಾ?" ಎಂದ.

ತೊಂದರೆಯೆಂದರೆ ಮನೆ ಪಕ್ಕದ ಓಣಿ ಪೂರಾ ಇಳಿಜಾರು. ಗೋಡೆಗೆ ಒರಗಿಸಿದರೆ ಏಣಿಯ ಒಂದು ಕಾಲು ನೆಲದ ಮೇಲೆ, ಇನ್ನೊಂದು ಗಾಳಿಯಲ್ಲಿ. ಮರಿಯಪ್ಪ ಗಿರಣಿಗೆ ಸೇರುವ ಮುನ್ನ ಹಳ್ಳಿಯಲ್ಲಿ ಬಣವೆ ಹತ್ತಿ ಬೆಳೆದವನು. ಇಂಥ ಕಡೆ ತಗ್ಗಿನ ಕಾಲಿಗೆ ಕಲ್ಲು ಪೇರಿಸಬಾರದು, ದಿಬ್ಬದ ಕಾಲಿಗೆ ಗುಂಡಿ ತೋಡಿ ಎರಡನ್ನೂ ಸಮ ಮಾಡಬೇಕೆಂದು ಇದೇ ದೊಡ್ಡವ್ವ ಕಲಿಸಿದ್ದಳು. ಅವನು ಪಿಕಾಸಿ ಎತ್ತಿದ್ದೇ ತಡ, ಶಿವಗಂಗಮ್ಮ ಕಿರುಚಿದರು.

"ಥೂ, ಬಿಡ್ತು ಅನ್ನು! ಒಳಗೆ ಜೀವ ಇನ್ನೂ ಇದೆ, ಮನೆ ಪಕ್ಕದಲ್ಲೇ ಗುಂಡಿ ತೋಡ್ತೀಯಾ? ಅಪಶಕುನ!"

ಹೆಂಚು ತೆಗೆಯುವುದು ಶಕುನ, ಗುಂಡಿ ತೆಗೆಯುವುದು ಅಪಶಕುನ. ಮರಿಯಪ್ಪ ಪಿಕಾಸಿ ಕೆಳಗಿಟ್ಟ.

ತಗ್ಗಿನ ಕಾಲಿಗೆ ಲಕ್ಷ್ಮೀಪತಿ ಎರಡು ಇಟ್ಟಿಗೆ ಕೊಟ್ಟ. ಸಾಲದೆ ಶಿವಗಂಗಮ್ಮ ತಮ್ಮ ಊಟದ ಮಣೆ ತಂದರು. ಅದೂ ಅಲ್ಲಾಡಿದಾಗ ಮರಿಯಪ್ಪನ ಹೆಂಡತಿ ಚಿಕ್ಕಲಕ್ಷ್ಮಮ್ಮ ಗೋಣಿತಾಟು ಮಡಿಸಿ ತುರುಕಿದಳು. "ಹುಷಾರು ಕಣ್ರೀ, ನಂಗ್ಯಾಕೋ ಭಯ ಆಗ್ತದೆ" ಎಂದು ಒಳಗೆ ಹೋಗಿ ಮುದುಕಿಯ ಪಕ್ಕ ಕೂತಳು.

"ನಾವು ಹಿಡ್ಕೊಂಡಿದೀವಲ್ಲ, ಹತ್ತಣ್ಣಾ!" ಎಂದ ಲಕ್ಷ್ಮೀಪತಿ. ಅವನು ಒಂದು ಕಾಲು ಹಿಡಿದ, ಶಿವಗಂಗಮ್ಮ ಇನ್ನೊಂದು.

ಏಣಿ ಹೆಜ್ಜೆಹೆಜ್ಜೆಗೂ ಕಿರುಗುಟ್ಟಿತು. ಸೂರಿನ ಬಳಿ ತಲುಪಿದ ಮರಿಯಪ್ಪ ಹೆಂಚಿಗೆ ಕೈಹಾಕಿದ. ಕಣ್ಣು ಮಂಜಾಯಿತು. "ಕ್ಷಮಿಸು ದೊಡ್ಡವ್ವ, ಸುಖವಾಗಿ ಹೋಗು" ಎಂದು ಹೆಂಚನ್ನು ಸರಿಸಿದ. ನಡುಹಗಲ ಬಿಸಿಲು ಕಂಡಿಯಿಂದ ಇಳಿದು ನೇರ ಮುನಿತಾಯಮ್ಮನ ಮುಖಕ್ಕೆ ಬಿತ್ತು.

"ಅಯ್ಯಯ್ಯೋ, ಕಣ್ಣು ಬಿಟ್ರು!" ಎಂದು ಚಿಕ್ಕಲಕ್ಷ್ಮಮ್ಮ ಒಳಗಿನಿಂದ ಕೂಗಿದಳು.

ಕೊನೆಯ ನೋಟ ತಪ್ಪಿಹೋದೀತೆಂದು ಶಿವಗಂಗಮ್ಮ ಓಡಿದರು. ಅವರ ಹಿಂದೆ ಲಕ್ಷ್ಮೀಪತಿಯೂ ಓಡಿದ. ಮಣೆ ಜಾರಿತು. ಏಣಿ ಕುಡಿದವನ ಹಾಗೆ ತಗ್ಗಿನ ಕಡೆಗೆ ವಾಲಿ, ಮರಿಯಪ್ಪನನ್ನೂ ಕರೆದುಕೊಂಡು ಓಣಿಗೆ ಬಿತ್ತು.

ಸದ್ದು ಕೇಳಿ ಹೊರಗೆ ಬಂದ ಲಕ್ಷ್ಮೀಪತಿ ಮೊದಲು ಏಣಿಯನ್ನು ತಡವಿ ನೋಡಿದ. ಅದಕ್ಕೆ ಏನೂ ಆಗಿರಲಿಲ್ಲ. ಮರಿಯಪ್ಪನ ಕಾಲು ಮಾತ್ರ ಮೊಣಕಾಲಿನ ಕೆಳಗೆ ಇನ್ನೊಂದು ದಿಕ್ಕಿಗೆ ತಿರುಗಿತ್ತು. ಮೂಳೆ ಕಟ್ಟುವವನು ಕೆಂಗೇರಿಯಿಂದ ಬರಬೇಕು. ಗಿರಣಿಯ ಕೆಲಸ ಹೋದಂತೆಯೇ.

ಅವನನ್ನು ಹೊತ್ತು ತಂದು ದೊಡ್ಡವ್ವನ ಚಾಪೆಯ ಮೇಲೇ ಮಲಗಿಸಿದರು, ಏಕೆಂದರೆ ದೊಡ್ಡವ್ವ ಎದ್ದು ಗೋಡೆಗೆ ಒರಗಿ ಗಂಜಿ ಕುಡಿಯುತ್ತಿದ್ದಳು. ಅವಳು ಬದುಕಿದ್ದು ನೋಡಿ ಮರಿಯಪ್ಪನಿಗೆ ನಿಜವಾಗಿಯೂ ಸಂತೋಷವಾಯಿತು. ಆದರೆ ನೋವಿಗೆ ಬಾಯಿಂದ ಗೊರಗೊರ ಸದ್ದು ಮಾತ್ರ ಹೊರಟಿತು.

"ಅದ್ಯಾಕವ್ವ ಅಲ್ಲಿ ತೂತು?" ಮುದುಕಿ ಮೇಲೆ ನೋಡಿ ಕೇಳಿದಳು.

"ನಿನ್ನ ಜೀವ ಒದ್ದಾಡ್ತಿತ್ತಲ್ಲ, ದಾರಿ ಮಾಡಿಸಿದ್ವಿ. ಮರಿಯಪ್ಪನೇ ಮಾಡಿದ" ಎಂದರು ಶಿವಗಂಗಮ್ಮ.

ಮುನಿತಾಯಮ್ಮ ಬಹಳ ಹೊತ್ತು ಆ ಬೆಳಕನ್ನೇ ನೋಡಿದಳು. ಆಮೇಲೆ ಗಂಜಿಯ ಬಟ್ಟಲು ಕೆಳಗಿಟ್ಟು, ನರಳುತ್ತಿದ್ದ ಮರಿಯಪ್ಪನ ತಲೆ ಸವರಿದಳು.

"ಅಯ್ಯೋ ನನ್ ಕೂಸೇ, ಏಟೊಂದು ಒದ್ದಾಡ್ತದೆ. ನೋಡಕ್ಕಾಗಲ್ಲ ಕಣ್ರವ್ವ. ಇವನು ದೊಡ್ಡಾಳು, ಒಂದು ಹೆಂಚು ಸಾಲ್ದು. ಇನ್ನೊಂದು ತೆಗೀರಿ."

ಮರಿಯಪ್ಪ ಬೇಡವೆಂದು ಕೈಯಾಡಿಸಿದ. "ನೋಡಿ, ಪಾಪ, ಅವನೂ ಬೇಗ ಅಂತ ಕೈಬೀಸಿ ಕರೀತಾವ್ನೆ" ಎಂದು ಲಕ್ಷ್ಮೀಪತಿ ಹೊರಗೆ ನಡೆದ. ಮುದುಕಿ ಅವನ ಬೆನ್ನಿಗೇ ಕೂಗಿ ಹೇಳಿದಳು: "ದಿಬ್ಬದ ಕಾಲಿಗೆ ಗುಂಡಿ ತೋಡಪ್ಪಾ, ಜಾರೀತು!"

ಓಣಿಯಿಂದ ಪಿಕಾಸಿಯ ಸದ್ದು ಕೇಳಿಬಂತು. ಮರಿಯಪ್ಪ ಶಿವಗಂಗಮ್ಮನ ಮುಖವನ್ನೇ ಆಸೆಯಿಂದ ನೋಡಿದ. ಈ ಸಲ ಅವರು ಅಪಶಕುನವೆನ್ನಲಿಲ್ಲ.