ಹೊನ್ನಮ್ಮನ ಹಕಾರವೂ ನನ್ನ ಕೀಲಿಮಣೆಯ ದೀಪವೂ

ಬೇಡದ ವಸ್ತುವೊಂದನ್ನು ಕೊಂಡು ತಂದು, ಇದಿಲ್ಲದೆ ಇಷ್ಟು ದಿನ ಹೇಗೆ ಬದುಕಿದ್ದೆನೋ ಎಂದು ನಾಲ್ಕು ಜನರ ಮುಂದೆ ಹೇಳಿಕೊಳ್ಳುವುದರಲ್ಲಿ ನಮ್ಮ ಮೇಷ್ಟ್ರುಗಳನ್ನು ಮೀರಿಸುವವರಿಲ್ಲ. ಬೇರೆಯವರ ಮಾತೇಕೆ, ನನ್ನದನ್ನೇ ಹೇಳುತ್ತೇನೆ. ಹುಲ್ಲಹಳ್ಳಿ ಕಡೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಬಹಳ ವರ್ಷಗಳಿಂದ ಕನ್ನಡ ಪಾಠ ಮಾಡಿಕೊಂಡಿರುವ ನಾನು, ಹೋದ ವರ್ಷ ಕೀಲಿಗಳ ಅಡಿಯಲ್ಲಿ ದೀಪ ಉರಿಯುವ ಲ್ಯಾಪ್‌ಟಾಪ್ ಕೊಂಡೆ. ನಂಜನಗೂಡಿನ ಅಂಗಡಿಯವನು ಷಟರ್ ಅರ್ಧ ಎಳೆದು, ಅಂಗಡಿಯನ್ನು ಕತ್ತಲು ಮಾಡಿ, ಒಂದು ಗುಂಡಿ ಒತ್ತಿದ. ಅಕ್ಷರಗಳೆಲ್ಲ ಬೆಳಗಿದವು. "ಕತ್ಲಲ್ಲೂ ಕೆಲ್ಸ ಮಾಡ್ಬೋದು ಸಾ" ಎಂದ. ಬೆಳಕಿನಲ್ಲೇ ಕೆಲಸ ಮಾಡದ ನಿಮಗೆ ಕತ್ತಲಿನ ಅನುಕೂಲ ಯಾಕ್ರೀ ಎಂದು ಕೇಳಲು ನನ್ನ ಹೆಂಡತಿ ಆಗ ಪಕ್ಕದಲ್ಲಿರಲಿಲ್ಲ. ಅದೇ ತಪ್ಪಾಯಿತು.

ದೀಪದ ಗುಣ ಮನೆಗೆ ಬಂದ ಮೇಲೆ ತಿಳಿಯಿತು. ಹತ್ತು ಸೆಕೆಂಡು ಯಾವ ಕೀಲಿಯನ್ನೂ ಮುಟ್ಟದಿದ್ದರೆ ಅದು ತಾನಾಗಿ ಆರಿಹೋಗುತ್ತದೆ. ನಾನೋ ಒಂಟಿ ಬೆರಳಿನವನು. ಒಂದು ಅಕ್ಷರಕ್ಕೂ ಇನ್ನೊಂದಕ್ಕೂ ನಡುವೆ ನನಗೆ ಒಂದು ಲೋಟ ಕಾಫಿ ಕುಡಿಯುವಷ್ಟು ಹೊತ್ತು ಬೇಕು. ಆರಿದ ದೀಪವನ್ನು ಎಬ್ಬಿಸಲು ಯಾವುದಾದರೂ ಕೀಲಿ ಒತ್ತಬೇಕು; ಒತ್ತಿದರೆ ದೀಪದ ಜೊತೆಗೆ ಆ ಅಕ್ಷರವೂ ಬಂದು ಕೂರುತ್ತದೆ. ಒಮ್ಮೆ ರಜೆ ಅರ್ಜಿಯಲ್ಲಿ 'ಜ್ವರ' ಎಂದು ಟೈಪ್ ಮಾಡಲು ಹೋಗಿ 'ಜ್ವಕಕಕರ' ಆಗಿತ್ತು. ಹೆಡ್‌ಮೇಡಂ ಓದಿ, "ಮೇಷ್ಟ್ರೇ, ಜ್ವರದ ಜೊತೆ ನಡುಕಾನೂ ಇದೆಯಾ?" ಎಂದು ಕೇಳಿ ರಜೆ ಕೊಟ್ಟರು. ಹಗಲಿನಲ್ಲಿ ಅದರ ಚೇಷ್ಟೆಯೇ ಬೇರೆ. ಕೀಲಿಗಳು ಬೆಳ್ಳಿ ಬಣ್ಣದವು, ದೀಪ ಬಿಳಿ. ಹಗಲು ಹೊತ್ತು ದೀಪ ಹಾಕಿದರೆ ಇದ್ದ ಅಕ್ಷರಗಳೂ ಕಾಣುವುದಿಲ್ಲ. ಬೆಳಕು ಚೆಲ್ಲಿದಷ್ಟೂ ವಿಷಯ ಮಾಯವಾಗುವುದನ್ನು ನಾನು ಅಲ್ಲಿಯವರೆಗೆ ವಿಚಾರಸಂಕಿರಣಗಳಲ್ಲಿ ಮಾತ್ರ ಕಂಡಿದ್ದೆ.

ಇದಕ್ಕೆ ನಾನೇ ಒಂದು ಪರಿಹಾರ ಹುಡುಕಿದೆ. ಕನ್ನಡ ಮೇಷ್ಟ್ರ ಕೀಲಿಮಣೆಯಲ್ಲಿ ಇಂಗ್ಲಿಷ್ ಅಕ್ಷರಗಳೇ ಎಂಬ ಅಭಿಮಾನವೂ ಉಕ್ಕಿತು ಅನ್ನಿ. ಕನ್ನಡ ಅಕ್ಷರಗಳ ಸ್ಟಿಕ್ಕರ್ ಹಾಳೆ ತಂದು ಒಂದು ಭಾನುವಾರವಿಡೀ ಕೂತು ಒಂದೊಂದೇ ಕೀಲಿಗೆ ಅಂಟಿಸಿದೆ. ಅಕ್ಷರಗಳು ಚೆನ್ನಾಗಿ ಕಂಡವು. ದೀಪ ಮಾತ್ರ ಸ್ಟಿಕ್ಕರಿನ ಅಡಿಯಲ್ಲಿ ಮುಚ್ಚಿಹೋಗಿ, ಸಂದಿಗಳಿಂದ ಮಾತ್ರ ಇಣುಕುತ್ತಿತ್ತು. ಯಾವ ಬೆಳಕಿಗೆ ಮರುಳಾಗಿ ಕೊಂಡಿದ್ದೆನೋ ಅದಕ್ಕೆ ಕೈಯಾರೆ ಮುಸುಕು ಹಾಕಿದ್ದೆ. ಸಾಲದ್ದಕ್ಕೆ ಬಿಸಿಗೆ ಅಂಟು ಕರಗಿ, 'ಹ' ಕೀಲಿಯ ಅಡಿಗೆ ಇಳಿದು, ಅದು ಜೋರಾಗಿ ಗುದ್ದಿದರೆ ಮಾತ್ರ ಮಾತು ಕೇಳುವಂತಾಯಿತು.

ಕೆಡುವುದಕ್ಕೆ ಅದಕ್ಕೆ 'ಹ'ವೇ ಬೇಕಿತ್ತೆ? ನಮ್ಮ ಸೀಮೆಯ ಬಾಯಲ್ಲಿ ಹಕಾರ ನಿಲ್ಲುವುದಿಲ್ಲ. ಹಳ್ಳಿ ಅಳ್ಳಿಯಾಗುತ್ತದೆ, ಹಾಲು ಆಲಾಗುತ್ತದೆ, ಪಕ್ಕದೂರು ಹೆಮ್ಮರಗಾಲ ಎಮ್ಮರಗಾಲವಾಗುತ್ತದೆ. ಈ ಬಿದ್ದುಹೋದ ಹಕಾರಗಳನ್ನು ಎತ್ತಿ ನಿಲ್ಲಿಸುವುದೇ ನನ್ನ ಜನ್ಮಕಾರ್ಯವೆಂದು ತಿಳಿದು, 'ಹೋಗು' ಎನ್ನದ ಹುಡುಗರಿಗೆ ಅದನ್ನು ಐವತ್ತು ಸಲ ಬರೆಸಿದವನು ನಾನು. ಬರೆದು ಮುಗಿಸಿ ಅವರು "ಓಗ್ಲಾ ಸಾ?" ಎಂದೇ ಕೇಳುತ್ತಿದ್ದರು.

ನಮ್ಮ ಶಾಲೆಯಲ್ಲಿ ಬಿಸಿಯೂಟ ಮಾಡುವ ಹೊನ್ನಮ್ಮನ ಮಗಳು ಚೈತ್ರ ಹತ್ತನೇ ತರಗತಿ ಪಾಸಾಗಿ, ತಿ. ನರಸೀಪುರದ ಹಾಸ್ಟೆಲೊಂದರಲ್ಲಿ ಸೀಟು ಪಡೆದಿದ್ದಳು. ಆದರೆ ಶಾಲೆಯ ದಾಖಲೆಯಲ್ಲಿ ತಾಯಿಯ ಹೆಸರು 'ಒನ್ನಮ್ಮ' ಎಂದಿತ್ತು, ಉಳಿದ ಕಾಗದಗಳಲ್ಲೆಲ್ಲ 'ಹೊನ್ನಮ್ಮ'. ಇಬ್ಬರೂ ಒಬ್ಬರೇ ಎಂದು ಶಾಲೆಯಿಂದ ಪತ್ರ ತರಬೇಕು, ನಾಳೆಯೇ ಕೊನೆಯ ದಿನ ಎಂದು ಹಾಸ್ಟೆಲಿನವರು ಹೇಳಿದ್ದರು.

"ಸೀಟ್ ಓದ್ರೆ ಮಗ್ಳು ಓದು ಬಿಡ್ಬೇಕಾಯ್ತದೆ ಸಾ. ದಿನಾ ಅಷ್ಟು ದೂರ ಬಸ್ಸಲ್ಲಿ ಕಳ್ಸಕ್ಕೆ ಅವ್ರಪ್ಪ ಒಪ್ಪಕಿಲ್ಲ" ಎಂದಳು ಹೊನ್ನಮ್ಮ.

ಹೆಡ್‌ಮೇಡಂ ನನ್ನ ಕಡೆ ನೋಡಿದರು. ಕೋತಿ ಕಾಟಕ್ಕೆ ಕಿಟಕಿ ಮುಚ್ಚಿದ ಸ್ಟಾಫ್ ರೂಮಿನಲ್ಲಿ ದೀಪದ ಕೀಲಿಮಣೆ ಇದ್ದದ್ದು ನನ್ನೊಬ್ಬನ ಹತ್ತಿರ. ಟೈಪ್ ಮಾಡುವುದಕ್ಕೆ ಮೊದಲು ಒಂದು ಸಣ್ಣ ಭಾಷಣ ಮಾಡಿದೆ. "ಅಲ್ಲಮ್ಮ, ಯಾವ ಪುಣ್ಯಾತ್ಮ ಬರೆದದ್ದು ಇದನ್ನ? ಒಂದು ಹಕಾರ ಬರೆಯೋಕೆ ಬಾರದವರೆಲ್ಲ ಶಾಲೆಯಲ್ಲಿ ಪೆನ್ನು ಹಿಡೀತಾರಲ್ಲ!" ಹೊನ್ನಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡಳು. ನಾಚಿಕೆಯಾಗಿರಬೇಕು ಎಂದುಕೊಂಡೆ. ಕಣ್ಣನ್ನು ಕೀಲಿಗಳ ಮೇಲಿಂದ ಎತ್ತದೆ ಪತ್ರ ಮುಗಿಸಿ ಪ್ರಿಂಟ್ ತೆಗೆದೆ. ಹೆಡ್‌ಮೇಡಂ ಸಹಿ ಹಾಕಿದರು. ಓದಿ ಸಹಿ ಹಾಕುವ ಕೆಟ್ಟ ಅಭ್ಯಾಸ ನಮ್ಮಲ್ಲಿ ಯಾರಿಗೂ ಇಲ್ಲ.

ಮಾರನೆಯ ದಿನ ಮಧ್ಯಾಹ್ನದ ಹೊತ್ತಿಗೆ ಹೊನ್ನಮ್ಮ ಅದೇ ಪತ್ರ ಹಿಡಿದು ವಾಪಸು ಬಂದಳು. ಬೆಳಗಿನ ಬಸ್ಸಿಗೇ ನರಸೀಪುರಕ್ಕೆ ಹೋಗಿ, ಕಾದು, ಬೈಸಿಕೊಂಡು ಬಂದಿದ್ದಳು. "ಇದ್ನ ಏಳಕ್ಕೆ ಇಸ್ಕೂಲ್ ಬೇಕಾ ಅಂತ ನಗಾಡುದ್ರು ಸಾ." ಹೆಡ್‌ಮೇಡಂ ಪತ್ರವನ್ನು ಗಟ್ಟಿಯಾಗಿ ಓದಿದರು: "ಒನ್ನಮ್ಮ ಮತ್ತು ಒನ್ನಮ್ಮ ಎಂಬ ಇಬ್ಬರೂ ಒಬ್ಬರೇ ಎಂದು ದೃಢೀಕರಿಸಲಾಗಿದೆ."

ನಾನು ಕೀಲಿಯ ಕಥೆ ಶುರುಮಾಡಿದೆ. 'ಹ' ಒತ್ತಿ ಆಮೇಲೆ 'ಒ' ಒತ್ತಿದರೆ 'ಹೊ' ಆಗುತ್ತದೆ, ಹಕಾರ ಅಂಟಿಕೊಂಡರೆ ಬರೀ 'ಒ' ಉಳಿಯುತ್ತದೆ, ದೀಪ ಬೇರೆ ಆರಿಹೋಗುತ್ತಿತ್ತು ಎಂದೆಲ್ಲ ವಿವರಿಸಿದೆ. "ದೀಪದ ಪುರಾಣ ಆಮೇಲೆ ಕೇಳ್ತೀನಿ. ಒಂದು ಗಂಟೆ ಬಸ್ಸು ತಪ್ಪಿದ್ರೆ ಆ ಹುಡುಗಿ ಸೀಟು ಹೋಗುತ್ತೆ. ಪೆನ್ನಲ್ಲಿ ಬರೀರಿ. ದಾಖಲಾತಿ ಪುಸ್ತಕ ನೋಡಿ ನಂಬರೂ ಹಾಕಿ" ಎಂದರು ಹೆಡ್‌ಮೇಡಂ.

ಪುಸ್ತಕ ತೆರೆದೆ. ಮೂರು ವರ್ಷದ ಹಿಂದಿನ ಪುಟ. ತಾಯಿಯ ಹೆಸರು: ಒನ್ನಮ್ಮ. ಮಕಾರದ ಬಾಲವನ್ನು ಹೀಗೆ ಕೊಂಕಿಸಿ ಬರೆಯುವವನು ಈ ಶಾಲೆಯಲ್ಲಿ ಒಬ್ಬನೇ. ಹೊನ್ನಮ್ಮನ ಮುಖ ನೋಡಿದೆ.

"ನಿನಗೆ ಗೊತ್ತಿತ್ತಾ?"

"ಗೊತ್ತಿತ್ತು ಸಾ. ಆವತ್ತು ನಾ ಒನ್ನಮ್ಮ ಅಂದೆ, ನೀವು ಅಂಗೇ ಬರ್ಕಂಡ್ರಿ."

"ನಿನ್ನೆ ಯಾಕಮ್ಮ ಹೇಳಲಿಲ್ಲ?"

"ಮೇಷ್ಟ್ರಿಗೆ ಬರಿಯಕ್ ಬರಕಿಲ್ಲ ಅಂತ ಎಲ್ರ ಮುಂದೆ ಎಂಗೇಳದು ಸಾ?"

ತಲೆ ಎತ್ತದೆ ಪತ್ರ ಬರೆದೆ. ಈ ಸಲ ಹೆಡ್‌ಮೇಡಂ ಎರಡು ಸಲ ಓದಿ ಸಹಿ ಹಾಕಿದರು. ಹೊನ್ನಮ್ಮ ಓಡಿಹೋಗಿ ಬಸ್ಸು ಹಿಡಿದಳು. ಸಂಜೆ ಫೋನ್ ಮಾಡಿ, "ಸೀಟಾಯ್ತು ಸಾ" ಎಂದಳು. ಅವಳು ಎಷ್ಟು ಖುಷಿಯಾಗಿದ್ದಳೆಂದರೆ ನನ್ನನ್ನು ಕ್ಷಮಿಸಬೇಕೆಂಬುದೂ ಅವಳಿಗೆ ಹೊಳೆದಿರಲಿಲ್ಲ.

ಫೋನಿಟ್ಟ ಮೇಲೆ ಬಹಳ ಹೊತ್ತು ನೆನಪು ಮಾಡಿಕೊಂಡೆ, ಆ ದಿನದ ಮೇಲೆ ಹೊರಿಸಲು ಏನಾದರೂ ಒಂದು ನೆಪ ಸಿಗಲಿ ಎಂದು. ದಾಖಲಾತಿ ಮಾಡಿದ್ದು ಶಾಲೆಯ ಅಂಗಳದಲ್ಲಿ, ಮಟಮಟ ಮಧ್ಯಾಹ್ನ. ಬಿಸಿಲು ಬೇಕಾದಷ್ಟಿತ್ತು. ಪೆನ್ನು ಚೆನ್ನಾಗಿಯೇ ಬರೆಯುತ್ತಿತ್ತು.