ತಾರಸಿಯವಳಿಗೊಂದು ವೀಕ್ಷಕ ವಿವರಣೆ

"ನೀವೇನೂ ಯೋಚನೆ ಮಾಡ್ಬೇಡಿ ಅತ್ತೆ. ಇವತ್ತಿಂದ ನಿಮ್ಮ ಕಣ್ಣು ನಾನು!"

ಇಂಥ ಮಾತನ್ನು ಶೂರರು ಆಡುವಾಗ ಕೈಯಲ್ಲಿ ಖಡ್ಗವಾದರೂ ಇರುತ್ತದೆ. ನಾನು ಆಡಿದಾಗ ಇದ್ದದ್ದು ಹಲ್ಲುಜ್ಜುವ ಬ್ರಷ್ಷು. ಆದರೂ ಧ್ವನಿಯ ಗಾಂಭೀರ್ಯಕ್ಕೇನೂ ಕೊರತೆಯಿರಲಿಲ್ಲ. ಕೊರತೆ ಎಲ್ಲಿಂದ ಬರಬೇಕು? ನಾನು ರೈಲ್ವೆ ನಿಲ್ದಾಣದ ಘೋಷಕ! "ಪ್ರಯಾಣಿಕರ ಗಮನಕ್ಕೆ" ಎಂದು ನಾನೊಮ್ಮೆ ಅಂದರೆ ಸಾಕು, ಓಡುವವರು ನಿಲ್ಲುತ್ತಾರೆ, ನಿಂತವರು ಓಡುತ್ತಾರೆ, ಬೆಂಚಿನ ಮೇಲೆ ಮಲಗಿದವರು ಗಡಬಡಿಸಿ ಎದ್ದು ಚೀಲ ತಡಕಿಕೊಳ್ಳುತ್ತಾರೆ. ಇನ್ನೊಂದು ಗುಟ್ಟನ್ನೂ ಹೇಳಿಬಿಡುತ್ತೇನೆ. ನಾನು ಕೂರುವ ಕೋಣೆಗೆ ಕಿಟಕಿಯಿಲ್ಲ. ನಿಯಂತ್ರಣ ಕೊಠಡಿಯವರು ಫೋನಿನಲ್ಲಿ ಹೇಳುತ್ತಾರೆ, ನಾನು ಮೈಕಿನಲ್ಲಿ ಹೇಳುತ್ತೇನೆ. ಲೆಕ್ಕವಿಲ್ಲದಷ್ಟು ರೈಲುಗಳನ್ನು ಬರಮಾಡಿಕೊಂಡು ಬೀಳ್ಕೊಟ್ಟಿದ್ದೇನೆ, ಒಂದನ್ನೂ ಕಣ್ಣಿಂದ ನೋಡಿಲ್ಲ. ನೋಡದೆ ಹೇಳುವ ವಿದ್ಯೆಯಲ್ಲಿ ನನ್ನನ್ನು ಮೀರಿಸುವವರು ಇನ್ನೂ ಹುಟ್ಟಬೇಕು.

ಈ ಪ್ರತಿಜ್ಞೆಗೆ ಕಾರಣ ಒಂದು ದೆವ್ವ.

ನಮ್ಮ ಜೊತೆಯಲ್ಲೇ ಇರುವ ಅತ್ತೆ, ಅಂದರೆ ನನ್ನ ಹೆಂಡತಿಯ ತಾಯಿ, ದೆವ್ವದ ಸಿನಿಮಾ ಬಂದರೆ ಮೊದಲ ವಾರದಲ್ಲೇ ನೋಡುವವರು. ಬೇರೆಯವರು ಹೆದರುವುದಕ್ಕೆ ಹೋದರೆ ಅತ್ತೆ ಹೋಗುವುದು ತಪ್ಪು ಹುಡುಕುವುದಕ್ಕೆ. "ಅಷ್ಟು ದೊಡ್ಡ ಬಂಗಲೆ, ಮೆಟ್ಟಿಲಿಗೆ ಒಂದು ಬಲ್ಬ್ ಹಾಕ್ಸೋಕಾಗಲ್ವಾ?" "ಆ ಕದಕ್ಕೆ ಒಂದು ತೊಟ್ಟು ಎಣ್ಣೆ ಬಿಟ್ಟಿದ್ರೆ ಅರ್ಧ ಸಿನಿಮಾ ಅಲ್ಲೇ ಮುಗೀತಿತ್ತು." "ದೆವ್ವ ಆದ ಮಾತ್ರಕ್ಕೆ ತಲೆ ಬಾಚ್ಕೋಬಾರ್ದು ಅಂತಿದೆಯಾ?" ಹೀಗೆ ಅವರ ವಿಮರ್ಶೆ ಮನೆಗೆಲಸದ ದಾರಿಯಲ್ಲೇ ಸಾಗುತ್ತದೆ.

ಅವರಿಗೆ ಅಚ್ಚುಮೆಚ್ಚಿನದು 'ತಾರಸಿಯವಳು'. ಮೊದಲ ಭಾಗದಲ್ಲಿ ತಾರಸಿಯಿಂದ ಬಿದ್ದು ಸತ್ತ ಹುಡುಗಿ ದೆವ್ವವಾಗುತ್ತಾಳೆ. ಎರಡನೆಯದು 'ತಾರಸಿಯವಳು ಇಳಿದಳು'. ಅದರ ಕೊನೆಯಲ್ಲಿ, ಅವಳು ತಾನಾಗಿ ಬೀಳಲಿಲ್ಲ, ಯಾರೋ ತಳ್ಳಿದರು ಎಂದು ತಿಳಿಯುತ್ತದೆ. ತಳ್ಳಿದವರು ಯಾರು? ಅದಕ್ಕಾಗಿ ಮೂರನೆಯದು, 'ತಾರಸಿಯವಳು ಮತ್ತೆ ಹತ್ತಿದಳು'.

"ಹತ್ತಿ ಇಳಿಯೋಕೆ ಮೂರು ಸಿನಿಮಾ. ಲಿಫ್ಟ್ ಇದ್ದಿದ್ರೆ ಒಂದರಲ್ಲೇ ಮುಗಿಸ್ತಿದ್ರು," ಎಂದು ನನ್ನ ಹೆಂಡತಿಯ ಅಭಿಪ್ರಾಯ. ಔಷಧಿ ಅಂಗಡಿಯಲ್ಲಿ ದಿನವಿಡೀ ನಿಂತು ದುಡಿಯುವ ಅವಳಿಗೆ ಚಿತ್ರಮಂದಿರವೆಂದರೆ ತಣ್ಣನೆಯ ಮಲಗುವ ಕೋಣೆ. ಹೆಸರು ತೋರಿಸುವಾಗ ಮಲಗಿದರೆ ದೀಪ ಹತ್ತಿದಾಗ ಏಳುತ್ತಾಳೆ.

ನಮ್ಮ ಕಟ್ಟಡದ ಕೆಳಗೆ ಒಂದು ಕಲ್ಲುಬೆಂಚು. ಸಂಜೆಯಾದರೆ ಅಲ್ಲಿ ಅತ್ತೆ, ಅವರ ಗೆಳತಿಯರು, ಮತ್ತು ಅತ್ತೆಯ ಪರಮ ಎದುರಾಳಿಯಾದ ಕೆಳಮನೆಯ ನಿವೃತ್ತ ನರ್ಸು. ಎಲ್ಲರ ಬಾಯಲ್ಲೂ ಅವರು 'ಸಿಸ್ಟರ್'. ಎರಡನೇ ಭಾಗ ನೋಡಿ ಬಂದ ದಿನದಿಂದ ಇವರಿಬ್ಬರಿಗೂ ಜಟಾಪಟಿ.

"ಭಾವನೇ ತಳ್ಳಿದ್ದು," ಎಂದು ಅತ್ತೆ. ಭಾವ ಅಂದರೆ ಸತ್ತವಳ ಅಕ್ಕನ ಗಂಡ. "ಅಷ್ಟು ನಯವಾಗಿ ಮಾತಾಡೋ ಅಳಿಯ ಯಾವ ಮನೇಲೂ ಇರಲ್ಲ."

ಹೀಗೆನ್ನುವಾಗ ಅವರು ನನ್ನ ಕಡೆ ನೋಡಿದ್ದು ಆಕಸ್ಮಿಕವೆಂದೇ ನಾನು ನಂಬಿದ್ದೇನೆ.

"ಮನೆಗೆ ಬಂದು ಹೋಗ್ತಾನಲ್ಲ, ಆ ಡಾಕ್ಟರ್ ತಳ್ಳಿದ್ದು," ಎಂದು ಸಿಸ್ಟರ್. "ಜೀವನಪೂರ್ತಿ ಡಾಕ್ಟರ್‌ಗಳ ಜೊತೆ ಕೆಲಸ ಮಾಡಿದೀನಿ. ನನಗೆ ಹೇಳ್ಕೊಡಬೇಡಿ."

ಮಾತಿಗೆ ಮಾತು ಬೆಳೆದು ಪಂಥವೇ ಆಗಿಹೋಯಿತು. ಮೂರನೇ ಭಾಗದಲ್ಲಿ ಯಾರ ಮಾತು ಸುಳ್ಳಾಗುತ್ತದೋ ಅವರು ಒಂದು ವರ್ಷ ಆ ಬೆಂಚಿನ ಮೇಲೆ ಸಿನಿಮಾದ ಬಗ್ಗೆ ತುಟಿ ಬಿಚ್ಚುವಂತಿಲ್ಲ! ಅತ್ತೆಯ ಪಾಲಿಗೆ ಇದು ಗಡೀಪಾರಿಗೆ ಸಮ.

ಸರಿಯಾಗಿ ಸಿನಿಮಾ ಬಿಡುಗಡೆಯಾಗುವ ವಾರವೇ ಅತ್ತೆಯ ಕಣ್ಣಿನ ಆಪರೇಷನ್ ಆಗಬೇಕೆ? ಕಣ್ಣಿಗೆ ಕಪ್ಪು ಕನ್ನಡಕ ಬಿತ್ತು. ಇನ್ನೊಂದು ಕಣ್ಣು ಮೊದಲೇ ಅಷ್ಟಕ್ಕಷ್ಟೆ. ಟೀವಿ, ಸಿನಿಮಾ, ಮೊಬೈಲು ಯಾವುದನ್ನೂ ಸದ್ಯಕ್ಕೆ ನೋಡಕೂಡದು ಎಂದು ವೈದ್ಯರ ಕಟ್ಟಪ್ಪಣೆ. ಸಿಸ್ಟರ್ ನೋಡಲು ಬಂದವರು, "ಪರವಾಗಿಲ್ಲ ಬಿಡಿ, ನಾನು ನೋಡ್ಕೊಂಡು ಬಂದು ಹೇಳ್ತೀನಿ," ಎಂದು ನಕ್ಕು ಹೋದರು. ಅತ್ತೆಗೆ ಊಟ ಸೇರಲಿಲ್ಲ. ತಟ್ಟೆಯ ಮುಂದೆ ಸುಮ್ಮನೆ ಕೂತ ಅವರನ್ನು ಕಂಡು ನನಗೆ ನಿಜಕ್ಕೂ ಸಂಕಟವಾಯಿತು. ಅದರ ಫಲವೇ ಮೇಲೆ ಹೇಳಿದ ಬ್ರಷ್ ಪ್ರತಿಜ್ಞೆ. ಅತ್ತೆ ಕಣ್ಣು ಮುಚ್ಚಿ ಕೂರುವುದು, ನಾನು ಪಕ್ಕದಲ್ಲಿ ಕೂತು ಇಡೀ ಸಿನಿಮಾವನ್ನು ಕಿವಿಯಲ್ಲಿ ಹೇಳುವುದು.

"ನೀವಾ?" ಎಂದಳು ಹೆಂಡತಿ. "ದೆವ್ವದ ಸಿನಿಮಾನಾ? ಮೊನ್ನೆ ಪೋಸ್ಟರ್ ನೋಡಿ ರಸ್ತೆ ದಾಟಿದ್ರಲ್ಲ?"

"ಅದು ಬಿಸಿಲಿಗೆ. ಆ ಕಡೆ ನೆರಳಿತ್ತು."

"ಮೊದಲೆರಡು ಭಾಗಕ್ಕೆ ಯಾಕೆ ಬರ್ಲಿಲ್ಲ?"

"ಡ್ಯೂಟಿ ಇತ್ತು," ಎಂದೆ. ಇತ್ತು, ಸುಳ್ಳಲ್ಲ. ಕಾಡಿಬೇಡಿ ಹಾಕಿಸಿಕೊಂಡಿದ್ದೆ.

ಅಂದೇ ಮ್ಯಾಟಿನಿಗೆ ಹೊರಟೆವು. ಕತ್ತಲ ಸಭಾಂಗಣಕ್ಕೆ ಕಪ್ಪು ಕನ್ನಡಕ ಹಾಕಿಕೊಂಡು, ಅಕ್ಕಪಕ್ಕ ಇಬ್ಬರನ್ನಿಟ್ಟುಕೊಂಡು ಬಂದ ಅತ್ತೆಯನ್ನು ಟಿಕೆಟ್ ಹರಿಯುವವನು ಯಾರೋ ದೊಡ್ಡ ನಿರ್ಮಾಪಕಿಯೆಂದು ತಿಳಿದು ಸಲಾಂ ಹೊಡೆದ. ಹೆಂಡತಿ ಕೂತಳು, ಮಲಗಿದಳು. ಸಿನಿಮಾ ಶುರುವಾಯಿತು.

ಆರಂಭವೇನೋ ಭರ್ಜರಿ. "ಬಂಗಲೆ ಕಾಣಿಸ್ತಿದೆ ಅತ್ತೆ. ಗೇಟು ತುಕ್ಕು ಹಿಡಿದಿದೆ. ಭಾವ ಕಾರಿಂದ ಇಳಿದ."

"ನಗ್ತಿದಾನಾ?"

"ನಗ್ತಿದಾನೆ."

"ನೋಡಿ, ಅವನೇ," ಎಂದರು ಅತ್ತೆ ತೃಪ್ತಿಯಿಂದ.

ಅಷ್ಟರಲ್ಲಿ ಮೇಲಿನ ಕದ ಕಿರ್ರ್ ಎಂದಿತು. ಮೆಟ್ಟಿಲ ಮೇಲೆ ಬರೀ ಕೂದಲು, ಕೂದಲ ಹಿಂದೆ ಕೂದಲು. ಕಣ್ಣುಗಳು ನನ್ನನ್ನು ಒಂದು ಮಾತೂ ಕೇಳದೆ ತಾವಾಗಿಯೇ ಮುಚ್ಚಿಕೊಂಡವು. ಆದರೆ ಬಾಯಿ? ಅದಕ್ಕೆ ಕಿಟಕಿಯಿಲ್ಲದ ಕೋಣೆಯ ಅಭ್ಯಾಸವಿತ್ತು. ಅದು ನಿಲ್ಲಲಿಲ್ಲ. ಸಂಗೀತ ಏರಿದರೆ ಆಗಮನ, ಇಳಿದರೆ ನಿರ್ಗಮನ ಎಂಬ ಸೂತ್ರ ಹಿಡಿದು ಹೇಳುತ್ತಾ ಹೋದೆ. ಗಾಬರಿಯಲ್ಲಿ ಧ್ವನಿಯೂ ಪಿಸುಮಾತಿನಿಂದ ನೇರ ಪ್ಲಾಟ್‌ಫಾರ್ಮಿಗೆ ಏರಿಬಿಟ್ಟಿತ್ತು.

"ಗಮನಿಸಿ. ತಾರಸಿಯವಳು ಎಡಗಡೆಯ ಮೆಟ್ಟಿಲಿನಿಂದ ಕೆಲವೇ ಕ್ಷಣಗಳಲ್ಲಿ ಆಗಮಿಸಲಿದ್ದಾಳೆ!"

ಮುಂದಿನ ಸೀಟಿನ ದಢೂತಿ ಮನುಷ್ಯ ಹಿಂದೆ ತಿರುಗಿ ಗುರುಗುಟ್ಟಿದ. "ರೀ, ಬಾಯಿ ಮುಚ್ಕೊಂಡು ನೋಡೋಕಾಗಲ್ವಾ?"

ಕ್ಷಮೆ ಕೇಳಿ ಸುಮ್ಮನಾದೆ. ಪರದೆಯ ಮೇಲೆ ಏನೋ ಚೀರಿತು. ಮರುಕ್ಷಣ ಅದೇ ದಢೂತಿಯ ಸಣ್ಣ ಧ್ವನಿ ಕೇಳಿಸಿತು. "ಸ್ವಾಮಿ, ಹೋದಳಾ?"

"ಯಾರು?"

"ಅವಳೇ. ಹೋದ ಮೇಲೆ ಹೇಳಿ, ಕಣ್ಣು ಬಿಡ್ತೀನಿ."

ಪಕ್ಕದ ದಂಪತಿಗಳದ್ದೂ ಅದೇ ಕೋರಿಕೆ. ಹಿಂದಿನ ಸಾಲಿನಿಂದ ಒಂದು ಹೆಣ್ಣುದನಿ, ಬಟ್ಟೆಯೊಳಗಿಂದ ಬಂದಂತೆ, "ಸ್ವಲ್ಪ ಜೋರಾಗಿ ಹೇಳಿ, ಇಲ್ಲಿಗೆ ಸರಿಯಾಗಿ ಕೇಳಿಸ್ತಿಲ್ಲ," ಎಂದಿತು. ನನ್ನ ಉತ್ಸಾಹಕ್ಕೆ ಮೇರೆಯೇ ಇಲ್ಲದಂತಾಯಿತು! "ಆಗಮಿಸಿದ್ದಾಳೆ," ಎಂದರೆ ಮೂರು ಸಾಲು ಕಣ್ಣು ಮುಚ್ಚುತ್ತಿತ್ತು. "ನಿರ್ಗಮಿಸಿದ್ದಾಳೆ," ಎಂದರೆ ಮೂರು ಸಾಲು ಕಣ್ಣು ಬಿಡುತ್ತಿತ್ತು. ಬಿಡದಿದ್ದವನು ನಾನೊಬ್ಬನೇ.

ಕೊನೆಗೆ ಬಂತು ಆ ಗಳಿಗೆ. ತಾರಸಿಯ ಮೇಲೆ ಬೂಟಿನ ಸದ್ದು, ಗಾಳಿ, ಒಂದು ಕಿರುಚಾಟ, ಧಡ್! ಆಮೇಲೆ ನಿಶ್ಶಬ್ದ.

ಅತ್ತೆ ನನ್ನ ತೋಳನ್ನು ಗಟ್ಟಿಯಾಗಿ ಹಿಡಿದರು. "ಯಾರು ಅಳಿಯಂದ್ರೇ? ತಳ್ಳಿದ್ದು ಯಾರು?"

ಮೂರೂ ಸಾಲು ಉಸಿರು ಬಿಗಿಹಿಡಿದು ನನ್ನ ಉತ್ತರಕ್ಕೆ ಕಾಯಿತು. ಕಣ್ಣು ಬಿಡಲು ಪ್ರಯತ್ನಪಟ್ಟೆ. ದೇವರಾಣೆಗೂ ಪಟ್ಟೆ. ರೆಪ್ಪೆಗಳು ಅಂಟು ಹಾಕಿದ ಹಾಗೆ ಕೂತಿದ್ದವು. ಊಟ ಬಿಟ್ಟು ಕೂತ ಅತ್ತೆಯ ಮುಖ ನೆನಪಾಯಿತು. ಒಂದು ವರ್ಷದ ಮೌನ ನೆನಪಾಯಿತು. ಬಾಯಿ ತನ್ನಷ್ಟಕ್ಕೆ ಘೋಷಿಸಿತು.

"ಭಾವ! ಭಾವನೇ ಅತ್ತೆ! ಎರಡೂ ಕೈಯಲ್ಲಿ ತಳ್ಳಿಬಿಟ್ಟ! ಮೀಸೆ ಸಮೇತ ಕಾಣಿಸ್ತಿದೆ!"

"ಮೀಸೆನಾ? ಅವನಿಗೆ ಮೀಸೆ ಇರ್ಲಿಲ್ವಲ್ಲ?"

"ಈ ಭಾಗದಲ್ಲಿ ಬಿಟ್ಟಿದಾನೆ."

ಮೂರು ಸಾಲು ಕಣ್ಣು ಮುಚ್ಚಿಕೊಂಡೇ ಚಪ್ಪಾಳೆ ತಟ್ಟಿತು. ದೀಪ ಹತ್ತಿತು. ಹೆಂಡತಿ ಎದ್ದು ಮೈ ಮುರಿದು, "ಚೆನ್ನಾಗಿತ್ತು. ಎರಡನೇ ಭಾಗದಲ್ಲಿ ಇಷ್ಟು ಗಾಢ ನಿದ್ದೆ ಬಂದಿರ್ಲಿಲ್ಲ," ಎಂದು ವಿಮರ್ಶೆ ಕೊಟ್ಟಳು.

ಸಂಜೆ ಬೆಂಚಿನ ಬಳಿ ಅತ್ತೆಯ ಜೊತೆ ನಾನೂ ಇಳಿದೆ. ಸಿಸ್ಟರ್ ಅಂದೇ ಸಿನಿಮಾ ನೋಡಿ ಬಂದಿದ್ದಾರೆಂದು ಗೆಳತಿಯರು ಹೇಳಿದಾಗ ನನ್ನ ಕಥೆ ಮುಗಿಯಿತು ಅಂದುಕೊಂಡೆ. ಅತ್ತೆ ಜಯಭೇರಿ ಬಾರಿಸಿದರು. ಸಿಸ್ಟರ್ ತಲೆ ತಗ್ಗಿಸಿ ಒಂದೇ ಮಾತು ಹೇಳಿದರು.

"ಹೌದು. ಭಾವನೇ."

ನನ್ನ ಕಿವಿಯನ್ನು ನಾನೇ ನಂಬಲಿಲ್ಲ. ಕತ್ತಲಲ್ಲಿ ಎಸೆದ ಕಲ್ಲು ಮಾವಿನ ಗೊಂಚಲಿಗೇ ಬಿದ್ದಿತ್ತು! ಅಂದಿನಿಂದ ನನ್ನನ್ನು ಹಿಡಿಯುವವರಿಲ್ಲ. ನಿಲ್ದಾಣದ ಕ್ಯಾಂಟೀನಿನಲ್ಲಿ ಉಪನ್ಯಾಸವನ್ನೇ ಶುರುಮಾಡಿದೆ. "ಕೊನೆಯಲ್ಲಿ ಭಾವನ ಪಾತ್ರಧಾರಿಯ ಕಣ್ಣುಗಳನ್ನು ನೋಡಬೇಕು. ಅಭಿನಯ ಅಂದರೆ ಅದು."

"ಹೋಗೋಣ ಅಂತಿದ್ದೆ," ಎಂದರು ಟಿಕೆಟ್ ತಪಾಸಕರು ಬೇಸರದಿಂದ. "ಕೊನೆ ಹೇಳಿಬಿಟ್ರಲ್ಲ, ಇನ್ನೇನು ಹೋಗೋದು?"

ಹೀಗೆ ಇಡೀ ನಿಲ್ದಾಣದಲ್ಲಿ ಆ ಸಿನಿಮಾಕ್ಕೆ ಯಾರೂ ಹೋಗದಂತೆ ನೋಡಿಕೊಂಡೆ.

ಆದರೆ ಬೆಂಚು ಮಂಕಾಯಿತು. ಸಿಸ್ಟರ್ ಕೊಟ್ಟ ಮಾತಿಗೆ ತಪ್ಪುವವರಲ್ಲ. ಅತ್ತೆ ಏನು ಹೇಳಿದರೂ ಹೂಂ ಅಂದು ಕೂರುತ್ತಿದ್ದರು. ಗೆದ್ದ ಅತ್ತೆ ದಿನದಿಂದ ದಿನಕ್ಕೆ ಸೊರಗಿದರು. "ಎಲ್ಲಾದಕ್ಕೂ ಹೂಂ ಅಂದ್ರೆ ಅದು ಮಾತುಕತೆನಾ? ಅವರು ಜಗಳಕ್ಕೆ ಬರದೆ ನನಗೆ ಸಂಜೆನೇ ಆಗಲ್ಲ," ಎಂದು ಒಮ್ಮೆ ಹೇಳಿಯೇಬಿಟ್ಟರು. ಕಪ್ಪು ಕನ್ನಡಕ ತೆಗೆದು ವೈದ್ಯರು ಅಪ್ಪಣೆ ಕೊಟ್ಟ ದಿನ ಅತ್ತೆ ಮಾಡಿದ ಮೊದಲ ಕೆಲಸವೆಂದರೆ ಸಿಸ್ಟರ್ ಮನೆಯ ಬಾಗಿಲು ತಟ್ಟಿದ್ದು. "ಬನ್ನಿ, ಇಬ್ಬರೂ ಒಟ್ಟಿಗೆ ಇನ್ನೊಂದು ಸಲ ನೋಡ್ಕೊಂಡು ಬರೋಣ. ಹೆದರಿಕೆ ಆದ್ರೆ ನನ್ನ ಕೈ ಹಿಡ್ಕೊಳ್ಳಿ. ಭಾವನ ಮುಖ ನನ್ನ ಕಣ್ಣಾರೆ ನೋಡ್ಬೇಕು."

ಟಿಕೆಟ್ ನಾನೇ ತಂದುಕೊಟ್ಟೆ. ನನಗೇನು ಭಯ? ಸಾಕ್ಷಿಯನ್ನಿಟ್ಟುಕೊಂಡು ಗೆದ್ದವನು!

ಅವರು ಹಿಂದಿರುಗಿದಾಗ ನಾನು ಸೋಫಾದ ಮೇಲೆ ಕಾಲು ಚಾಚಿ ಕೂತಿದ್ದೆ.

"ಹೇಗಿದ್ದ ಅತ್ತೆ, ನಮ್ಮ ಭಾವ?"

ಅತ್ತೆ ಸಾವಕಾಶವಾಗಿ ಎದುರಿನ ಕುರ್ಚಿಯಲ್ಲಿ ಕೂತರು. "ಅಳಿಯಂದ್ರೇ, ಅವಳನ್ನ ತಳ್ಳಿದವನು ಕೊನೇಲಿ ತಿರುಗ್ತಾನಲ್ಲ. ಆವಾಗ ಏನಾಗತ್ತೆ?"

"ಮುಖ ಕಾಣಿಸತ್ತೆ."

"ಕರೆಂಟ್ ಹೋಗತ್ತೆ," ಎಂದರು ಅತ್ತೆ. "ಪರದೆ ತುಂಬ ಕತ್ತಲೆ. ಆಮೇಲೆ ಬಾಗಿಲಷ್ಟು ದೊಡ್ಡ ಅಕ್ಷರದಲ್ಲಿ ಬರತ್ತೆ, ತಳ್ಳಿದವರು ಯಾರು ಅಂತ ನಾಲ್ಕನೇ ಭಾಗದಲ್ಲಿ ನೋಡಿ ಅಂತ. ಭಾವನೂ ಇಲ್ಲ, ಡಾಕ್ಟರೂ ಇಲ್ಲ. ಮೀಸೆಯಂತೂ ಯಾರಿಗೂ ಇಲ್ಲ."

ಕೊನೆಯ ಆಸರೆಯೆಂದು ಸಿಸ್ಟರ್ ಕಡೆ ತಿರುಗಿದೆ. "ಸಿಸ್ಟರ್, ನೀವೂ ನೋಡಿದ್ರಲ್ಲ? ಭಾವನೇ ಅಂದ್ರಲ್ಲ?"

"ನಾನು ಆವತ್ತು ನಿಮ್ಮ ಹಿಂದಿನ ಸಾಲಲ್ಲೇ ಇದ್ದೆ," ಎಂದರು ಸಿಸ್ಟರ್ ಸಂಕೋಚದಿಂದ. "ಸೂಜಿ, ರಕ್ತ ಎಲ್ಲ ನನಗೆ ಲೆಕ್ಕಕ್ಕಿಲ್ಲ. ಆದ್ರೆ ಆ ಕೂದಲು ಇದೆಯಲ್ಲ, ಅದು ನನ್ನ ಕೈಲಾಗಲ್ಲ. ಶಾಲು ಮುಖದ ಮೇಲೆ ಎಳ್ಕೊಂಡುಬಿಟ್ಟೆ. ಮುಂದಿನ ಸಾಲಲ್ಲಿ ನೀವು ಅಷ್ಟು ಸ್ಪಷ್ಟವಾಗಿ ಹೇಳ್ತಿದ್ರಿ. ಪಾಪ, ಇವರು ನೋಡಿಯೇ ಹೇಳ್ತಿದಾರೆ ಅಂತ ನಂಬಿದೆ."

ಅಡುಗೆಮನೆಯಿಂದ ಹೆಂಡತಿಯ ನಗು ಕೇಳಿಸಿತು. "ನಾನಾದ್ರೂ ಮಲಗಿದ್ದೆ ಅಂತ ಒಪ್ಕೋತೀನಪ್ಪ."

"ಹಾಗಾದ್ರೆ ಡಾಕ್ಟರೂ ಆಗಿರಬಹುದು," ಎಂದರು ಸಿಸ್ಟರ್ ತಟ್ಟನೆ.

"ಅದು ಹೇಗಾಗತ್ತೆ? ಭಾವನೇ."

"ಆ ಬೂಟಿನ ಸದ್ದು ಕೇಳಿದ್ರಾ? ಅದು ಆಸ್ಪತ್ರೆ ಬೂಟು."

"ಆಸ್ಪತ್ರೆ ಬೂಟಿಗೆ ಸದ್ದು ಎಲ್ಲಿರತ್ತೆ ಸಿಸ್ಟರ್? ನೀವೇ ಹೇಳಿ."

ನಮ್ಮ ಹಾಲಿನಲ್ಲಿ ಯುದ್ಧ ಮತ್ತೆ ಶುರುವಾಯಿತು! ಅತ್ತೆಯ ಮುಖ ಅರಳಿತು, ಸಿಸ್ಟರ್ ಕುರ್ಚಿಯ ತುದಿಗೆ ಬಂದರು. ಅದನ್ನು ನೋಡಿ ನನಗೂ ಖುಷಿಯಾಯಿತು. ಬದುಕಿದೆಯಾ ಬಡಜೀವವೇ ಅಂದುಕೊಂಡು ನಾನೂ ಗಂಟಲು ಸರಿಮಾಡಿಕೊಂಡೆ.

"ನನ್ನ ಅಭಿಪ್ರಾಯ ಏನಂದ್ರೆ..."

ಇಬ್ಬರೂ ಒಟ್ಟಿಗೆ ನನ್ನ ಕಡೆ ತಿರುಗಿದರು. ಪಂಥದಲ್ಲಿ ಸೋತವರು ಯಾರೆಂಬುದು ಅಲ್ಲೇ ತೀರ್ಮಾನವಾಯಿತು. ಒಂದು ವರ್ಷ ನಾನು ಸಿನಿಮಾದ ಬಗ್ಗೆ, ಬೆಂಚಿನ ಮೇಲಾಗಲಿ, ಮನೆಯೊಳಗಾಗಲಿ, ಕ್ಯಾಂಟೀನಿನಲ್ಲಾಗಲಿ ತುಟಿ ಬಿಚ್ಚುವಂತಿಲ್ಲ.

ಸಿಸ್ಟರನ್ನು ಕಳಿಸಿ ಬಂದ ಅತ್ತೆ, ಮೂಲೆಯಲ್ಲಿ ಮುದುಡಿ ಕೂತಿದ್ದ ನನ್ನನ್ನು ತಮ್ಮ ಹೊಸ ಕಣ್ಣಿಂದ ಸ್ವಲ್ಪ ಹೊತ್ತು ನೋಡಿದರು. ಮನಸ್ಸು ಕರಗಿರಬೇಕು. ಪಕ್ಕಕ್ಕೆ ಬಂದು ತಲೆ ಸವರಿದರು.

"ಬೇಜಾರು ಮಾಡ್ಕೋಬೇಡಿ ಅಳಿಯಂದ್ರೇ. ನಾಲ್ಕನೇ ಭಾಗಕ್ಕೆ ನೀವೂ ಬನ್ನಿ. ನನಗೂ ಸಿಸ್ಟರ್‌ಗೂ ಮಧ್ಯದಲ್ಲಿ ಕೂತ್ಕೊಂಡು ಆರಾಮಾಗಿ ಕಣ್ಣು ಮುಚ್ಕೊಳ್ಳಿ. ಏನೇನಾಗ್ತಿದೆ ಅಂತ ಎಲ್ಲಾ ನಾನು ಹೇಳ್ತೀನಿ. ನೋಡಿ ಹೇಳ್ತೀನಿ."